13 ವರ್ಷದ ಗಂಡು ಬೆಕ್ಕು, ಆಪರೇಶನ್ ಆಗಿದೆ, ಇದ್ದಕ್ಕಿದ್ದಂತೆ ಸ್ವಭಾವವೇ ಬದಲಾಗಿದೆ. ಏನಿರಬಹುದು?

ಗುಂಡನ ಮನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಡನಿಗೆ ಈಗ 13 ವರ್ಷ. ಮರಿಯಾಗಿದ್ದಾಗಲೇ ಸಂತಾನಹರಣ ಆಪರೇಶನ್ ಮಾಡಿಸಿದ್ದೇವೆ. ಸಾಧು ಅಂದರೆ ಅಷ್ಟು ಸಾಧು. ಮಕ್ಕಳು ಬಾಲ ಹಿಡಿದು ಎಳೆದರೂ ಎದ್ದು ಬೇರೆ ಕಡೆ ಹೋಗಿ ಮಲಗುತ್ತಿದ್ದನೇ ಹೊರತು ಉಗುರು ತೋರಿಸಿದವನಲ್ಲ.

ದಸರೆ ಮುಗಿದ ಮೇಲೆ ಇವನು ಬೇರೆಯೇ ಬೆಕ್ಕಾಗಿದ್ದಾನೆ. ನಡುರಾತ್ರಿ ಹಾಲ್ ಮಧ್ಯೆ ನಿಂತು ಅರಚುತ್ತಾನೆ. ಮಾಮೂಲಿ ಮಿಯಾಂವ್ ಅಲ್ಲ. ಕೆಳಗಿನ ಮನೆಯವರು ಬಂದು "ಏನಾಯ್ತು?" ಅಂತ ಕೇಳುವಷ್ಟು ದೊಡ್ಡ ಗಂಟಲು. ಅತ್ತೆ ಬೆನ್ನು ಸವರಲು ಹೋದರೆ ತಿರುಗಿ ಕೈ ಪರಚಿದ. ಲಿಟರ್ ಟ್ರೇ ಬಿಟ್ಟು ಬಚ್ಚಲುಮನೆ ಮುಂದಿನ ಕಾಲೊರಸಿನ ಮೇಲೆ ಉಚ್ಚೆ ಹೊಯ್ಯುತ್ತಾನೆ. ದಿನಾ ಫಿನಾಯಿಲ್ ಹಾಕಿ ಒರೆಸುವುದೇ ಕೆಲಸವಾಗಿದೆ. ಊಟ ಮಾತ್ರ ಜೋರು, ಮೊದಲಿಗಿಂತ ಜಾಸ್ತಿಯೇ. ಅದಕ್ಕೇ ಕಾಯಿಲೆ ಇರಲಾರದು ಅನಿಸುತ್ತದೆ.

ಅತ್ತೆ "ಅವನಿಗೂ ಅರಳು ಮರಳು ಕಣೇ, ಬಿಡು" ಅನ್ನುತ್ತಾರೆ. ನನ್ನ ತಮ್ಮ "ಆಪರೇಶನ್ ಸರಿಯಾಗಿ ಆಗಿಲ್ಲ, ಅದಕ್ಕೇ ಗಂಡು ಬುದ್ಧಿ ವಾಪಸ್ ಬಂದಿದೆ" ಅನ್ನುತ್ತಾನೆ. ಹಾಗೂ ಆಗುತ್ತದಾ? ಯಾರಿಗಾದರೂ ಅನುಭವ ಇದ್ದರೆ ತಿಳಿಸಿ.

ಮಲ್ಲಿಗೆಬಳ್ಳಿ

ನಿಮ್ಮ ತಮ್ಮ ಹೇಳಿದ್ದೇ ಇರಬೇಕು. ನಮ್ಮ ಬೀದಿಯಲ್ಲೂ ಒಂದು ಗಂಡು ಬೆಕ್ಕು ಆಪರೇಶನ್ ಆದ ಮೇಲೂ ಹೀಗೇ ಕೂಗುತ್ತಿತ್ತು. ಇನ್ನೊಂದು ಸಲ ತೋರಿಸಿ.

ಸುಮ್ನೆ ಓದೋನು

ಉಪ್ಪು, ಮೆಣಸಿನಕಾಯಿ ನಿವಾಳಿಸಿ ಹಾಕಿ. ದಸರೆಗೆ ಬಂದ ನೆಂಟರ ಕಣ್ಣು ಬಿದ್ದಿರುತ್ತದೆ :)

ಕಡಲತಡಿ, ಮಂಗಳೂರು

ನಿವಾಳಿಸುವುದಾದರೆ ನಿವಾಳಿಸಿ ಮಾರಾಯ್ರೇ, ಅದರಿಂದ ಬೆಕ್ಕಿಗೇನೂ ಆಗುವುದಿಲ್ಲ. ಆದರೆ ಫಿನಾಯಿಲ್ ಮಾತ್ರ ಇವತ್ತೇ ನಿಲ್ಲಿಸಿ. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಲಿವರ್ ಸರಿಯಾಗಿ ಅರಗಿಸಲಾರದು. ಬೆಕ್ಕು ಒದ್ದೆ ನೆಲದ ಮೇಲೆ ನಡೆಯುತ್ತದೆ, ಆಮೇಲೆ ಕಾಲು ನೆಕ್ಕುತ್ತದೆ. ಅಷ್ಟು ಸಾಕು. ಉಚ್ಚೆಯ ವಾಸನೆಗೆ ಎನ್ಜೈಮ್ ಇರುವ ಕ್ಲೀನರ್ ಸಿಗುತ್ತದೆ, ಸಾಕುಪ್ರಾಣಿ ಸಾಮಾನಿನ ಅಂಗಡಿಯಲ್ಲಿ ಕೇಳಿ. ಅಮೋನಿಯಾ ಇರುವುದನ್ನು ತರಬೇಡಿ. ಬೆಕ್ಕಿನ ಮೂಗಿಗೆ ಅದೂ ಉಚ್ಚೆಯ ಹಾಗೇ ಬಡಿಯುತ್ತದೆ, ಮತ್ತೆ ಅಲ್ಲಿಗೇ ಬರುತ್ತದೆ.

ಇನ್ನು ನನ್ನ ಪ್ರಶ್ನೆ. ತೂಕ ನೋಡಿದ್ದೀರಾ? ನೀರು ಎಷ್ಟು ಕುಡಿಯುತ್ತಾನೆ? ಕಾಲೊರಸಿನ ಮೇಲೆ ದೊಡ್ಡ ಕೊಚ್ಚೆಯಾ, ನಾಲ್ಕು ಹನಿಯಾ? ಹನಿ ಹನಿ ಬಂದು, ಕೂತು ತಿಣುಕುತ್ತಿದ್ದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಈಗಲೇ ಡಾಕ್ಟರ ಹತ್ತಿರ ಓಡಿ. ಗಂಡು ಬೆಕ್ಕಿನ ಮೂತ್ರನಾಳ ಸಪೂರ. ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತದೆ. ಎಷ್ಟೋ ಜನ ಅದನ್ನು ಮಲಬದ್ಧತೆ ಅಂದುಕೊಂಡು ಕಾಯುತ್ತಾರೆ.

ಗುಂಡನ ಮನೆ, ಮೈಸೂರು

ದೊಡ್ಡ ಕೊಚ್ಚೆಯೇ, ಹನಿ ಅಲ್ಲ. ನೀರಿನ ಬಟ್ಟಲು ಬೇಗ ಖಾಲಿಯಾಗುತ್ತಿದೆ, ಅದು ನಿಜ. ತೂಕ ಈಗ ನೋಡಿದೆ. ಮೊದಲು ನಾನೊಬ್ಬಳೇ ತಕ್ಕಡಿ ಮೇಲೆ ನಿಂತು, ಆಮೇಲೆ ಇವನನ್ನು ಎತ್ತಿಕೊಂಡು ನಿಂತು, ಕಳೆದೆ. 4.1 ಕೆ.ಜಿ. ಹೋದ ವರ್ಷ ಲಸಿಕೆ ಚೀಟಿಯಲ್ಲಿ 5.3 ಅಂತ ಬರೆದಿದ್ದಾರೆ. ಕೂದಲು ದಪ್ಪ ಇರುವುದರಿಂದ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಕೈಯಿಟ್ಟು ನೋಡಿದರೆ ಬೆನ್ನುಮೂಳೆ ಒಂದೊಂದಾಗಿ ಸಿಗುತ್ತದೆ. ಅತ್ತೆ ಸವರಿದ್ದೂ ಅಲ್ಲೇ.

ಹಾಸನದವನು

ಮೂಳೆ ನೋವೇ ಇರಬೇಕು. ಜ್ವರ, ಮೈಕೈ ನೋವಿಗೆ ನಾವು ನುಂಗುವ ಮಾತ್ರೆ ಕಾಲು ಭಾಗ ಕೊಟ್ಟು ನೋಡಿ. ನಮ್ಮ ನಾಯಿಗೆ ಕೊಟ್ಟಿದ್ದೆವು, ಏನೂ ಆಗಲಿಲ್ಲ.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಮೇಲಿನ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಕಾಲು ಮಾತ್ರೆಯೂ ಕೊಲ್ಲಬಹುದು. ಅದನ್ನು ಕರಗಿಸಿ ಹೊರಹಾಕುವ ವ್ಯವಸ್ಥೆ ಬೆಕ್ಕಿನ ಲಿವರ್‌ನಲ್ಲಿ ತೀರಾ ಕಮ್ಮಿ. ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಹೋಗುತ್ತದೆ, ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ, ಉಸಿರು ಕಟ್ಟುತ್ತದೆ. ನಾಯಿಗೆ ಕೊಟ್ಟು ಬಚಾವಾದದ್ದು ಬೆಕ್ಕಿಗೆ ಲೆಕ್ಕವಲ್ಲ. ಈಗಾಗಲೇ ಯಾರಾದರೂ ಕೊಟ್ಟಿದ್ದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಬೇಗ ಹೋದರೆ ಮದ್ದಿದೆ.

ಈಗ ಗುಂಡನ ವಿಷಯ. ಮೊದಲು "ಗಂಡು ಬುದ್ಧಿ" ಬಗ್ಗೆ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಈ ಪ್ರಶ್ನೆ ನನಗೆ ಸಾವಿರ ಸಲ ಬಂದಿದೆ. ವೃಷಣ ತೆಗೆದ ಮೇಲೆ ಹಾರ್ಮೋನ್ ಕೆಲವೇ ವಾರಗಳಲ್ಲಿ ಇಳಿದುಹೋಗುತ್ತದೆ. ಹನ್ನೆರಡು ವರ್ಷ ಬಿಟ್ಟು ಅದು ಎಲ್ಲಿಂದ ವಾಪಸ್ ಬರಬೇಕು? ಒಂದು ವೃಷಣ ಹೊಟ್ಟೆಯೊಳಗೇ ಉಳಿದುಹೋದ ಬೆಕ್ಕುಗಳಿವೆ, ಇಲ್ಲ ಅನ್ನುವುದಿಲ್ಲ. ಆದರೆ ಅವು ಪ್ರಾಯದಲ್ಲೇ ಗಂಡು ಬೆಕ್ಕಿನ ಹಾಗೆ ನಡೆದುಕೊಳ್ಳುತ್ತವೆ, ಮುಪ್ಪಿನವರೆಗೆ ಕಾಯುವುದಿಲ್ಲ. ಅನುಮಾನವಿದ್ದರೆ ಡಾಕ್ಟರು ಅರೆ ನಿಮಿಷದಲ್ಲಿ ನೋಡಿ ಹೇಳಬಹುದು. ಗಂಡು ಬೆಕ್ಕಿನ ಶಿಶ್ನದ ಮೇಲೆ ಸಣ್ಣ ಮುಳ್ಳುಗಳಿರುತ್ತವೆ. ಹಾರ್ಮೋನ್ ಹೋದ ಮೇಲೆ ಅವೂ ಮಾಯವಾಗುತ್ತವೆ. ಮುಳ್ಳು ಇಲ್ಲ ಅಂದರೆ ಹಾರ್ಮೋನೂ ಇಲ್ಲ.

ಇನ್ನೊಂದು. ಉಚ್ಚೆಯಿಂದ ತನ್ನ ಜಾಗಕ್ಕೆ ಗುರುತು ಹಾಕುವ ಬೆಕ್ಕು ನಿಂತುಕೊಂಡು, ಬಾಲ ಮೇಲೆತ್ತಿ ನಡುಗಿಸಿ, ಗೋಡೆಗೆ ಚಿಮ್ಮಿಸುತ್ತದೆ. ಆಪರೇಶನ್ ಆದ ಗಂಡುಗಳಲ್ಲೂ ಸುಮಾರು 100ಕ್ಕೆ 10 ಹೀಗೆ ಮಾಡುತ್ತವೆ. ಅದಕ್ಕೆ ಆಪರೇಶನ್ ಕೆಟ್ಟಿದೆ ಅಂತ ಅರ್ಥವಲ್ಲ. ನಿಮ್ಮವನು ಮಾಡುತ್ತಿರುವುದು ಬೇರೆ. ಕೂತು, ಮೆತ್ತಗಿನ ಜಾಗದಲ್ಲಿ, ಪೂರ್ತಿ ಹೊಯ್ಯುತ್ತಿದ್ದಾನೆ. ಟ್ರೇ ತನಕ ತಡೆದುಕೊಳ್ಳಲು ಆಗುತ್ತಿಲ್ಲ, ಇಲ್ಲವೇ ಟ್ರೇ ಅಂಚು ದಾಟಲು ಕಾಲು ನೋಯುತ್ತಿದೆ, ಇಲ್ಲವೇ ಎರಡೂ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್-ರೇ ನೋಡಿದ ಒಂದು ಅಧ್ಯಯನ 2002ರಲ್ಲಿ ಬಂತು. ಅದರಲ್ಲಿ 90 ಬೆಕ್ಕುಗಳಿಗೆ ಕೀಲು ಸವೆತ ಇತ್ತು. ಕುಂಟುವುದಿಲ್ಲ ಅಂದ ಮಾತ್ರಕ್ಕೆ ನೋವಿಲ್ಲ ಅಂತಲ್ಲ. ಒಂದು ಬದಿ ತಗ್ಗಿರುವ ಟ್ರೇ ಇಡಿ.

ಆದರೆ ಹಸಿವು ಜಾಸ್ತಿ, ತೂಕ ಕಮ್ಮಿ, ನೀರು ಜಾಸ್ತಿ, ಸಿಡುಕು, ರಾತ್ರಿ ಅರಚಾಟ, ಇವೆಲ್ಲ ಒಟ್ಟಿಗೆ ಬಂದರೆ ನನಗೆ ಮೊದಲು ನೆನಪಾಗುವುದು ಥೈರಾಯ್ಡ್. ನಮ್ಮಲ್ಲಿ ಹೆಂಗಸರಿಗೆ ಅದು ಹೆಚ್ಚಾಗಿ ಕಮ್ಮಿಯಾಗುತ್ತದೆ. ಮುದಿ ಬೆಕ್ಕಿಗೆ ಉಲ್ಟಾ, ಜಾಸ್ತಿಯಾಗುತ್ತದೆ. ಬೆಕ್ಕಿನಲ್ಲಿ ಈ ಕಾಯಿಲೆಯನ್ನು ಗುರುತಿಸಿ ಬರೆದದ್ದೇ 1979ರಲ್ಲಿ, ನ್ಯೂಯಾರ್ಕಿನಲ್ಲಿ. ನಾನು ಓದುವಾಗ ಪಾಠದಲ್ಲೇ ಇರಲಿಲ್ಲ. ಚೆನ್ನಾಗಿ ತಿನ್ನುವುದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ, ನೀವೂ ಅದನ್ನೇ ಬರೆದಿದ್ದೀರಿ.

ಡಾಕ್ಟರ ಹತ್ತಿರ ಟಿ4 (ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನ್), ಸಕ್ಕರೆ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ಅಂಕಿ), ಮೂತ್ರದ ಸಾಂದ್ರತೆ ಕೇಳಿ. ಜೊತೆಗೆ ಬಿಪಿ. ಇದನ್ನು ನೀವೇ ಬಾಯಿಬಿಟ್ಟು ಕೇಳಬೇಕು, ಎಲ್ಲ ಕಡೆ ನೋಡುವುದಿಲ್ಲ. ಸಕ್ಕರೆ ಯಾಕೆ ಅಂದರೆ, ಆಪರೇಶನ್ ಆದ, ಮನೆಯೊಳಗೇ ಇರುವ, ದಪ್ಪ ಗಂಡು ಬೆಕ್ಕುಗಳಿಗೆ ಡಯಾಬಿಟಿಸ್ ಬರುವುದು ಹೆಚ್ಚು.

ಮತ್ತೆ, ಗುಂಡ ಹೊರಗೆ ಹೋಗುತ್ತಾನಾ? ರೇಬಿಸ್ ಲಸಿಕೆ ಯಾವಾಗ ಆಗಿದೆ? ಸಾಧು ಬೆಕ್ಕು ಇದ್ದಕ್ಕಿದ್ದಂತೆ ಮೇಲೆ ಬಿದ್ದರೆ ನಮ್ಮ ದೇಶದಲ್ಲಿ ಇದನ್ನು ಕೇಳಲೇಬೇಕು. ಅತ್ತೆಯವರ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದಿದ್ದೀರಾ? ಅವರನ್ನು ಡಾಕ್ಟರಿಗೆ ತೋರಿಸಿ. ಚುಚ್ಚುಮದ್ದು ಬೇಕೋ ಬೇಡವೋ ಅವರು ಹೇಳಲಿ, ನಾವಲ್ಲ.

ಗುಂಡನ ಮನೆ, ಮೈಸೂರು

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಗುಂಡ ಹೊರಗೆ ಹೋಗುವುದಿಲ್ಲ, ಬಾಲ್ಕನಿಗೂ ಜಾಲರಿ ಇದೆ. ಲಸಿಕೆ ವರ್ಷಾ ವರ್ಷಾ ಹಾಕಿಸಿದ್ದೇವೆ, ಈ ವರ್ಷದ್ದೂ ಆಗಿದೆ. ಅತ್ತೆಯನ್ನು ಅವತ್ತೇ ಕರೆದುಕೊಂಡು ಹೋಗಿದ್ದೆ, ಇಂಜೆಕ್ಷನ್ ಶುರುವಾಗಿದೆ. "ನಿನ್ನ ಬೆಕ್ಕಿನ ದೆಸೆಯಿಂದ ನನಗೆ ಸೂಜಿ" ಅಂತ ಬೈಯುತ್ತಾರೆ. ಅದೇ ಬಾಯಲ್ಲಿ ಅವನಿಗೆ ಮೊಸರನ್ನ ಕೊಟ್ಟೆಯಾ ಅಂತಲೂ ಕೇಳುತ್ತಾರೆ.

ಕೆರೆದಂಡೆ, ಧಾರವಾಡ

ಡಾಕ್ಟರು ಹೇಳಿದ್ದು ಖರೇ ರೀ. ಆದರೆ ಎಲ್ಲ ಸಿಟ್ಟೂ ಕಾಯಿಲೆಯದ್ದಲ್ಲ, ಅದನ್ನೂ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಅಕ್ಕ ತಮ್ಮ ಎರಡು ಬೆಕ್ಕು, ಎರಡಕ್ಕೂ ಆಪರೇಶನ್ ಆಗಿದೆ, ಹತ್ತು ವರ್ಷ ಒಂದೇ ಬುಟ್ಟಿಯಲ್ಲಿ ಮಲಗಿದವು. ಒಂದು ಸಂಜೆ ತಮ್ಮ ಅಕ್ಕನ ಮೇಲೆ ಬಿದ್ದು ಕೂದಲು ಕಿತ್ತು ಹಾಕಿದ. ಮರುದಿನ ನನ್ನ ಕಾಲಿಗೂ ಹಲ್ಲು ಹಾಕಿದ. ರಕ್ತ ತೋರಿಸಿದೆವು, ಎಲ್ಲ ಸರಿ. ಹಲ್ಲು ನೋಡಿದರು, ಸರಿ. ಕಾರಣ ನೋಡಿದರೆ ಕಿಟಕಿ! ಹಿತ್ತಲ ಗೋಡೆ ಮೇಲೆ ಹೊಸ ಗಂಡು ಬೆಕ್ಕೊಂದು ದಿನಾ ಸಂಜೆ ಬಂದು ಕೂರುತ್ತಿತ್ತು. ಗಾಜಿನ ಆಚೆ ಇರುವವನನ್ನು ಹೊಡೆಯಲು ಆಗುವುದಿಲ್ಲ, ಪಕ್ಕದಲ್ಲಿ ಯಾರು ಸಿಕ್ಕರೆ ಅವರಿಗೆ ಬಿತ್ತು.

ಕಿಟಕಿಯ ಕೆಳಗಿನ ಅರ್ಧಕ್ಕೆ ಹಳೇ ಕ್ಯಾಲೆಂಡರ್ ಅಂಟಿಸಿದೆವು. ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಟ್ಟು, ಬಾಗಿಲ ಎರಡೂ ಬದಿ ಊಟದ ಬಟ್ಟಲು ಇಟ್ಟು, ನಿಧಾನಕ್ಕೆ ಮತ್ತೆ ಪರಿಚಯ ಮಾಡಿಸಿದೆವು. ಈಗ ಒಂದೇ ಮನೆಯಲ್ಲಿ ಇರುತ್ತವೆ. ಒಂದೇ ಬುಟ್ಟಿಯಲ್ಲಿ ಮಾತ್ರ ಮಲಗುವುದಿಲ್ಲ.

ಮಲ್ಲಿಗೆಬಳ್ಳಿ

ಇಷ್ಟೆಲ್ಲ ಟೆಸ್ಟ್ ಮಾಡಿಸುವುದು ಆ ಮುದಿ ಜೀವಕ್ಕೆ ಹಿಂಸೆ ಅಲ್ವಾ? ಬುಟ್ಟಿಯಲ್ಲಿ ತುಂಬಿ, ಆಟೋದಲ್ಲಿ ಒಯ್ದು, ನಾಯಿಗಳ ಮಧ್ಯೆ ಕೂರಿಸಿ, ಸೂಜಿ ಚುಚ್ಚಿ... ವಯಸ್ಸಾದವನು ಮನೆಯಲ್ಲೇ ನೆಮ್ಮದಿಯಾಗಿ ಇರಲಿ ಅಂತ ನನಗನಿಸುತ್ತದೆ. ನಮ್ಮ ಅಜ್ಜಿ ಮನೆಯಲ್ಲಿ ಬೆಕ್ಕಿಗೆ ಯಾರೂ ರಕ್ತ ಪರೀಕ್ಷೆ ಮಾಡಿಸಲಿಲ್ಲ.

ಕಡಲತಡಿ, ಮಂಗಳೂರು

ನಿಮ್ಮ ಅಜ್ಜಿ ಮನೆಯ ಬೆಕ್ಕುಗಳಲ್ಲಿ 13 ವರ್ಷ ಬದುಕಿದ್ದು ಎಷ್ಟು ಹೇಳಿ? ನಡುರಾತ್ರಿ ನಿಂತು ಅರಚುವುದು ನೆಮ್ಮದಿಯ ಲಕ್ಷಣವಾ?

ಹಿಂಸೆ ಕಮ್ಮಿ ಮಾಡಲು ದಾರಿ ಉಂಟು. ಬುಟ್ಟಿಯನ್ನು ಹಿಂದಿನ ವಾರವೇ ಹಾಲ್‌ನಲ್ಲಿ ತೆರೆದಿಡಿ, ಒಳಗೆ ಅವನದೇ ಹಳೇ ಬಟ್ಟೆ ಹಾಕಿ. ಮೇಲಿನ ಮುಚ್ಚಳ ತೆಗೆಯಲು ಬರುವ ಬುಟ್ಟಿಯಾದರೆ ಒಳ್ಳೆಯದು, ಕಾಲು ಹಿಡಿದು ಎಳೆಯುವ ರಗಳೆ ಇಲ್ಲ. ಮೇಲೊಂದು ಟವೆಲ್ ಹೊದೆಸಿ. ಮೊದಲೇ ಫೋನ್ ಮಾಡಿ, ನಾಯಿಗಳು ಕಮ್ಮಿ ಇರುವ ಹೊತ್ತು ಕೇಳಿ ಹೋಗಿ. ನೆಲದ ಮೇಲೆ ಬುಟ್ಟಿ ಇಡಬೇಡಿ, ಮಡಿಲಲ್ಲಿ ಇಟ್ಟುಕೊಳ್ಳಿ.

ಮಳೆಹನಿ, ಶಿರಸಿ

ಬಿಪಿ ಅಂದದ್ದಕ್ಕೆ ನಮ್ಮ ಮನೆಯ ಕಥೆ ಹೇಳಬೇಕು. ನಮ್ಮ ಬೆಳ್ಳಿ, ಹೆಣ್ಣು, ಅವಳಿಗೂ ಆಪರೇಶನ್ ಆಗಿತ್ತು, ಆಗ 14 ವರ್ಷ. ಒಂದು ಬೆಳಿಗ್ಗೆ ಗೋಡೆ ಬದಿಗೇ ಅಂಟಿಕೊಂಡು ನಡೆಯುತ್ತಿದ್ದಳು. ಮಂಚದ ಕಾಲಿಗೆ ಮೂತಿ ತಾಗಿತು. ಕರೆದರೆ ದನಿ ಬಂದ ಕಡೆ ತಿರುಗುತ್ತಾಳೆ, ಮುಖ ನೋಡುವುದಿಲ್ಲ. ಎತ್ತಿಕೊಂಡು ಜಗಲಿಗೆ ತಂದೆ. ಅಷ್ಟು ಬಿಸಿಲಿಗೂ ಕಣ್ಣಿನ ಪಾಪೆ ಪೂರ್ತಿ ಅಗಲ, ಹಸಿರು ಅಂಚು ಒಂದು ಗೆರೆಯಷ್ಟು ಮಾತ್ರ ಉಳಿದಿತ್ತು. ಟಾರ್ಚ್ ಬಿಟ್ಟರೂ ಕುಗ್ಗಲಿಲ್ಲ.

ಮನೆಯವರೆಲ್ಲ ಪೊರೆ ಅಂದರು. ಪೊರೆಯಲ್ಲ, ಬಿಪಿ ಏರಿ ಕಣ್ಣಿನೊಳಗಿನ ಪರದೆ ಕಿತ್ತುಬಂದಿತ್ತು. ಮೂಲ ಕಾರಣ ಕಿಡ್ನಿ. ಮನುಷ್ಯರಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯನ್ನೇ ಬೆಕ್ಕಿನ ಲೆಕ್ಕಕ್ಕೆ ತುಂಡು ಮಾಡಿ ಕೊಡಲು ಹೇಳಿದರು. ಬಿಪಿ ಇಳಿಯಿತು. ಒಂದು ಕಣ್ಣಿಗೆ ಸ್ವಲ್ಪ ಬೆಳಕು ಮರಳಿತು, ಇನ್ನೊಂದು ಹೋಗಿಯೇ ಹೋಯಿತು. ಅದಕ್ಕೂ ಹಿಂದಿನ ತಿಂಗಳೆಲ್ಲ ಅವಳೂ ರಾತ್ರಿ ಅರಚುತ್ತಿದ್ದಳು. ಹಾಗಾಗಿ ಡಾಕ್ಟರು ಹೇಳಿದ ಬಿಪಿ ಬಿಡಬೇಡಿ.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಬೆಳ್ಳಿಯ ವಿಷಯ ಬರೆದದ್ದು ಒಳ್ಳೆಯದಾಯಿತು. ಕಿಡ್ನಿ, ಥೈರಾಯ್ಡ್ ಎರಡರ ಜೊತೆಗೂ ಬಿಪಿ ಬರುತ್ತದೆ. ಅಳೆಯುವಾಗ ಬೆಕ್ಕು ಹೆದರಿದ್ದರೆ ಸುಮ್ನೆ ಏರಿಬಿಡುತ್ತದೆ. ಅದಕ್ಕೇ ರಕ್ತ ತೆಗೆಯುವ ಮೊದಲೇ ಬಿಪಿ ನೋಡಬೇಕು, ಬೆಕ್ಕನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ, ಮೊದಲ ಅಳತೆ ಬಿಟ್ಟು, ಆಮೇಲಿನ ಐದಾರರ ಸರಾಸರಿ ಹಿಡಿಯಬೇಕು. ಮೇಲಿನ ಅಂಕಿ 160ರ ಮೇಲೇ ನಿಂತರೆ ಔಷಧಿಯ ಯೋಚನೆ.

ಅರಳು ಮರಳು ಅನ್ನುವುದು ಬೆಕ್ಕಿಗೂ ನಿಜವಾಗಿ ಇದೆ. 11ರಿಂದ 14 ವರ್ಷದ ಬೆಕ್ಕುಗಳಲ್ಲಿ ಸುಮಾರು 28%, 15 ದಾಟಿದ ಮೇಲೆ ಅರ್ಧದಷ್ಟು, ಅಂಥ ಒಂದಾದರೂ ಲಕ್ಷಣ ತೋರಿಸುತ್ತವೆ ಅಂತ ಲೆಕ್ಕವಿದೆ. ದಾರಿ ತಪ್ಪಿದಂತೆ ನಿಲ್ಲುವುದು, ಗೋಡೆ ನೋಡುತ್ತಾ ಕೂರುವುದು, ಈಗ ತಾನೇ ತಿಂದದ್ದು ಮರೆತು ಮತ್ತೆ ಕೇಳುವುದು. ಆದರೆ ಅದಕ್ಕೆ ರಕ್ತ ಪರೀಕ್ಷೆ ಇಲ್ಲ. ಉಳಿದದ್ದೆಲ್ಲ ಅಲ್ಲ ಅಂತಾದ ಮೇಲೆ ಕೊನೆಗೆ ಹೇಳುವ ಮಾತು ಅದು. ನಮ್ಮವರು ಅದನ್ನೇ ಮೊದಲು ಹೇಳುತ್ತಾರೆ. ಬೆಕ್ಕಿಗೂ ಅಷ್ಟೇ, ಅಜ್ಜನಿಗೂ ಅಷ್ಟೇ.

ಗುಂಡನ ಮನೆ, ಮೈಸೂರು

ರಿಪೋರ್ಟ್ ಬಂತು. ಟಿ4 ಲ್ಯಾಬಿನ ಮೇಲಿನ ಮಿತಿಯ ಎರಡರಷ್ಟಕ್ಕಿಂತ ಜಾಸ್ತಿ. ಸಕ್ಕರೆ ಸರಿ ಇದೆ. ಕ್ರಿಯಾಟಿನಿನ್ ಅಂಚಿನಲ್ಲಿದೆ. ಬಿಪಿ 185. ಡಾಕ್ಟರು ಗಂಟಲ ಎರಡೂ ಬದಿ ಬೆರಳಾಡಿಸಿ, ನನ್ನ ಬೆರಳನ್ನೂ ಅಲ್ಲೇ ಇಡಿಸಿದರು. ಚರ್ಮದ ಕೆಳಗೆ ತೊಗರಿಕಾಳಿನಷ್ಟು ದಪ್ಪದ್ದೊಂದು ಜಾರಿ ಜಾರಿ ಹೋಗುತ್ತಿತ್ತು. ಎದೆಬಡಿತ ಎಣಿಸಲೂ ಆಗದಷ್ಟು ಜೋರು. ಹಲ್ಲು ಒಂದು ಕೆಟ್ಟಿದೆಯಂತೆ, ಥೈರಾಯ್ಡ್ ಹಿಡಿತಕ್ಕೆ ಬರುವ ತನಕ ಅರಿವಳಿಕೆ ಕೊಡುವುದು ಬೇಡ ಅಂದರು.

ಥೈರಾಯ್ಡ್ ಇಳಿಸಲು ಕಾರ್ಬಿಮಝೋಲ್ ಮಾತ್ರೆ ದಿನಕ್ಕೆ ಎರಡು ಸಲ, ಆಮ್ಲೋಡಿಪಿನ್ ಒಂದು ಸಲ. ಗೆಡ್ಡೆ ಅಂದ ಕೂಡಲೇ ನನಗೆ ಕ್ಯಾನ್ಸರ್ ನೆನಪಾಯ್ತು, ಕೇಳುವುದಕ್ಕೂ ಭಯವಾಯ್ತು.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಭಯ ಬೇಡ. ಬೆಕ್ಕಿನ ಥೈರಾಯ್ಡ್ ಗೆಡ್ಡೆಗಳಲ್ಲಿ ಕ್ಯಾನ್ಸರ್ ತೀರಾ ಕಮ್ಮಿ, 100ರಲ್ಲಿ ಎರಡು ಮೂರು ಅಷ್ಟೇ. ಆದರೆ ಎರಡು ಮೂರು ವಾರ ಬಿಟ್ಟು ಮತ್ತೆ ರಕ್ತ ಕೊಡಲೇಬೇಕು. ಥೈರಾಯ್ಡ್ ಜಾಸ್ತಿ ಇರುವಾಗ ಕಿಡ್ನಿಗೆ ರಕ್ತ ಜೋರಾಗಿ ನುಗ್ಗುತ್ತದೆ, ಹಾಗಾಗಿ ಕಿಡ್ನಿಯ ದೋಷ ಮುಚ್ಚಿಹೋಗಿರುತ್ತದೆ. ಮಾತ್ರೆ ಕೆಲಸ ಮಾಡಿದ ಮೇಲೆ ಕ್ರಿಯಾಟಿನಿನ್ ಏರಬಹುದು. ಆಗ "ಮಾತ್ರೆಯಿಂದ ಕಿಡ್ನಿ ಹೋಯ್ತು" ಅಂತ ನೀವೇ ಮಾತ್ರೆ ನಿಲ್ಲಿಸಿಬಿಡಬೇಡಿ. ಇದ್ದದ್ದು ಈಗ ಕಾಣಿಸಿತು, ಅಷ್ಟೇ. ವಾಂತಿ, ಊಟ ಬಿಡುವುದು, ಮುಖ ರಕ್ತ ಬರುವಂತೆ ಕೆರೆದುಕೊಳ್ಳುವುದು ಕಂಡರೆ ಮಾತ್ರ ತಕ್ಷಣ ಫೋನ್ ಮಾಡಿ.

ದೂರದ ಕನ್ನಡಿಗ, ನ್ಯೂಜೆರ್ಸಿ

ಇಲ್ಲಿ ನಮ್ಮ ಬೆಕ್ಕಿಗೆ ಇದೇ ಕಾಯಿಲೆಗೆ ರೇಡಿಯೋ ಅಯೋಡಿನ್ ಇಂಜೆಕ್ಷನ್ ಕೊಡಿಸಿದೆವು. ಒಂದೇ ಸಲ, ಜಾಸ್ತಿ ಬೆಕ್ಕುಗಳಿಗೆ ಕಾಯಿಲೆಯೇ ಹೋಗುತ್ತದೆ, ದಿನಾ ಮಾತ್ರೆ ಇಲ್ಲ. ಆದರೆ ಆ ವಿಕಿರಣ ಇಳಿಯುವ ತನಕ ಕೆಲವು ದಿನ ಅಲ್ಲೇ ಬಿಟ್ಟು ಬರಬೇಕು, ನೋಡಲೂ ಬಿಡುವುದಿಲ್ಲ. ಮನೆಗೆ ಬಂದ ಮೇಲೂ ಸ್ವಲ್ಪ ದಿನ ಮಡಿಲಲ್ಲಿ ಮಲಗಿಸಬಾರದು, ಲಿಟರ್ ಮುಟ್ಟುವಾಗ ಗ್ಲೌಸ್. ನನ್ನ ಹೆಂಡತಿ "ಇದೊಳ್ಳೆ ಮಡಿ ಆಯ್ತಲ್ಲ" ಅಂದಳು. ಖರ್ಚು ಮಾತ್ರ ಕೇಳಬೇಡಿ.

ಗುಂಡನ ಮನೆ, ಮೈಸೂರು

ರಾತ್ರಿ ಅರಚುವುದು ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ. ತಗ್ಗಿನ ಟ್ರೇ ತಂದ ಮೇಲೆ ಕಾಲೊರಸು ಒಣಗಿಯೇ ಇದೆ. ಈಗಿನ ಕಷ್ಟ ಮಾತ್ರೆ ನುಂಗಿಸುವುದು. ಕೆನ್ನೆಯಲ್ಲಿ ಇಟ್ಟುಕೊಂಡು ಸೋಫಾ ಹಿಂದೆ ಹೋಗಿ ಉಗುಳುತ್ತಾನೆ. ಪುಡಿ ಮಾಡಿ ಮೊಸರನ್ನಕ್ಕೆ ಹಾಕಬಹುದಾ? ಇನ್ನೊಂದು, ಅತ್ತೆಯೂ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಗುಂಡನದು ಖಾಲಿಯಾದ ದಿನ ಅದನ್ನೇ ಚೂರು ಕೊಟ್ಟರೆ ಆಗುತ್ತದಾ ಅಂತ ಕೇಳುತ್ತಿದ್ದಾರೆ.

ನಿವೃತ್ತ ಪಶುವೈದ್ಯ, ಶಿವಮೊಗ್ಗ

ಬೇಡವೇ ಬೇಡ! ಅತ್ತೆಯವರದು ಬಹುಶಃ ಥೈರಾಕ್ಸಿನ್, ಕಮ್ಮಿ ಇರುವುದನ್ನು ಏರಿಸುವ ಮಾತ್ರೆ. ಗುಂಡನಿಗೆ ಇಳಿಸಬೇಕು. ಎರಡೂ ಡಬ್ಬಿ ಒಂದೇ ಕಡೆ ಇಡಬೇಡಿ.

ಕಾರ್ಬಿಮಝೋಲ್ ಪುಡಿ ಮಾಡಬೇಡಿ. ಮನೆಯಲ್ಲಿ ಬಸುರಿಯರಿದ್ದರೆ ಅವರು ಅದನ್ನು ಬರಿಗೈಯಲ್ಲಿ ಮುಟ್ಟುವುದೂ ಬೇಡ. ಉಳಿದವರೂ ಕೊಟ್ಟ ಮೇಲೆ ಕೈ ತೊಳೆಯಿರಿ.

ಕಡಲತಡಿ, ಮಂಗಳೂರು

ನಮ್ಮಲ್ಲಿ ಬೇಯಿಸಿದ ಬೂತಾಯಿ ಮೀನಿನ ಮುಳ್ಳು ತೆಗೆದು, ಮಾತ್ರೆಯನ್ನು ಅದರೊಳಗೆ ಒತ್ತಿ ಉಂಡೆ ಮಾಡುತ್ತೇವೆ. ಉಪ್ಪು, ಖಾರ, ಬೆಳ್ಳುಳ್ಳಿ ಏನೂ ಹಾಕಬಾರದು. ಮೊದಲು ಮಾತ್ರೆ ಇಲ್ಲದ ಉಂಡೆ, ಆಮೇಲೆ ಮಾತ್ರೆಯದ್ದು, ಕೂಡಲೇ ಇನ್ನೊಂದು ಖಾಲಿ ಉಂಡೆ ಮೂಗಿನ ಮುಂದೆ ಹಿಡಿಯಬೇಕು. ಮೂರನೆಯದರ ಆಸೆಗೆ ಎರಡನೆಯದನ್ನು ನುಂಗುತ್ತದೆ.

ಗುಂಡನ ಮನೆ, ಮೈಸೂರು

ನಮ್ಮದು ಮೀನು ತರುವ ಮನೆಯಲ್ಲ ಅಕ್ಕ. ಪನೀರ್‌ನಲ್ಲಿ ಆಗುತ್ತದಾ?

ಕಡಲತಡಿ, ಮಂಗಳೂರು

ಹಾಲು ಹೊಂದದೆ ಭೇದಿಯಾಗುವ ಬೆಕ್ಕಲ್ಲದಿದ್ದರೆ ಆಗುತ್ತದೆ, ಚೂರೇ ಚೂರು. ಮೊಸರನ್ನ ತಿಂದೇ 13 ವರ್ಷ ಕಳೆದವನಿಗೆ ಪನೀರ್ ಯಾವ ಲೆಕ್ಕ? ಬರಿ ಮಾತ್ರೆ ಗಂಟಲಿಗೆ ಹಾಕಿದ ದಿನ ಮಾತ್ರ ಸಿರಿಂಜ್‌ನಲ್ಲಿ ಸ್ವಲ್ಪ ನೀರು ಕುಡಿಸಿ, ಇಲ್ಲದಿದ್ದರೆ ಅನ್ನನಾಳಕ್ಕೆ ಅಂಟಿಕೊಳ್ಳುತ್ತದೆ. ಮುಂದಿನ ರಕ್ತದ ರಿಪೋರ್ಟ್ ಬಂದಾಗ ಇಲ್ಲಿ ಹಾಕಿ, ಕ್ರಿಯಾಟಿನಿನ್ ಎಷ್ಟು ಬಂತು ನೋಡುವ.